ವಿಜ್ಞಾನದ ಕಾಲೇಜಿನಲ್ಲಿ ಹುಟ್ಟಿದ ಸಾಹಿತ್ಯ ಪತ್ರಿಕೆ

(‘ಪ್ರಬುದ್ಧ ಕರ್ನಾಟಕ’ ಮತ್ತು ರಾಯಚೂರು ಸೀಮೆ: ದತ್ತಿ ಉಪನ್ಯಾಸದ ಬರಹರೂಪ)

ದತ್ತಿ ಎಂಬುದು ಈ ಸೀಮೆಗೆ ಹಳೆಯ ಮಾತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಇದು ಗೊತ್ತು. ದೇವರ ನಂದಾದೀಪಕ್ಕೆ, ಅಗ್ರಹಾರಕ್ಕೆ, ಓದುವ ಹುಡುಗರ ಊಟಕ್ಕೆ ಇಷ್ಟು ಮತ್ತರು ಭೂಮಿ ದತ್ತಿ ಬಿಟ್ಟರೆಂದು ಅವು ಸಾರುತ್ತವೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳೂ ಶಾಸನಗಳೂ ಆ ಕಾಲದ ನೆನಪನ್ನು ಇಂದಿಗೂ ಹೊತ್ತು ನಿಂತಿವೆ. ಅಂಥ ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪವಿರುತ್ತದೆ. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಬಿದ್ದಿರುತ್ತಾನೆ ಎಂದು. ಕೊಡುವ ಮನಸ್ಸೊಂದೇ ಸಾಲದು, ಕೊಟ್ಟದ್ದನ್ನು ಕಾಯುವವರೂ ಬೇಕು ಎಂಬುದನ್ನು ಕಂಡುಂಡ ಜನ ಕೆತ್ತಿಸಿದ ಮಾತದು.

ಸಾಹಿತ್ಯ ಪತ್ರಿಕೆಯ ಕಥೆಯೂ ಹೀಗೆಯೇ. ಹುಟ್ಟಿಸುವವರು ಬೇರೆ, ಕಾಯುವವರು ಬೇರೆ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಪತ್ರಿಕೆ ಬಾಳುವುದಿಲ್ಲ. ಕನ್ನಡದಲ್ಲಿ ಈ ಮಾತಿಗೆ ಎದ್ದು ಕಾಣುವ ಸಾಕ್ಷಿ 1919ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮುಂದೆ ಮೈಸೂರು ವಿಶ್ವವಿದ್ಯಾಲಯದ ಆಸರೆಯಲ್ಲಿ ಬೆಳೆದ ತ್ರೈಮಾಸಿಕ ‘ಪ್ರಬುದ್ಧ ಕರ್ನಾಟಕ’. ಮೈಸೂರಿನ ಪತ್ರಿಕೆಯ ಚರಿತ್ರೆ ರಾಯಚೂರಿನ ಸಭೆಗೆ ಯಾಕೆ ಬೇಕು ಎಂದು ಕೇಳುವವರಿಗೆ ಉತ್ತರ ಮುಂದೆ ತಾನಾಗಿಯೇ ಬರುತ್ತದೆ.

ಎರಡು ಸಂಸ್ಥಾನ, ಎರಡು ವಿಶ್ವವಿದ್ಯಾಲಯ

ಎರಡೇ ವರ್ಷಗಳ ಅಂತರದಲ್ಲಿ ದಕ್ಷಿಣದ ಎರಡು ದೇಶೀಯ ಸಂಸ್ಥಾನಗಳು ಒಂದೊಂದು ವಿಶ್ವವಿದ್ಯಾಲಯ ಕಟ್ಟಿದವು. ಮೈಸೂರಿನದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಹೈದರಾಬಾದಿನ ಉಸ್ಮಾನಿಯಾ 1918ರಲ್ಲಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಆಳ್ವಿಕೆಯಲ್ಲಿ. ಮೈಸೂರು ಇಂಗ್ಲಿಷಿನಲ್ಲಿ ಪಾಠ ಹೇಳಿತು. ಉಸ್ಮಾನಿಯಾ ಮಾತ್ರ ಆ ಕಾಲಕ್ಕೆ ಯಾರೂ ಮಾಡದ ಧೈರ್ಯ ಮಾಡಿ, ವಿಜ್ಞಾನ ವೈದ್ಯಗಳನ್ನೂ ಸೇರಿಸಿ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಲು ಹೊರಟಿತು. ಅದಕ್ಕಾಗಿ 1917ರಲ್ಲೇ ಅನುವಾದ ಇಲಾಖೆಯೊಂದನ್ನು ತೆರೆದು, ಪಠ್ಯಪುಸ್ತಕಗಳನ್ನು ಉರ್ದುವಿಗೆ ತರಲು ಪಂಡಿತರನ್ನು ಕೂರಿಸಿತು.

ಭಾರತದ ಭಾಷೆಯೊಂದು ಉನ್ನತ ಶಿಕ್ಷಣದ ಮಾಧ್ಯಮವಾದದ್ದು ದೊಡ್ಡ ಮಾತೇ. ಆದರೆ ಮಾನ್ವಿಯ, ದೇವದುರ್ಗದ ಹುಡುಗನಿಗೆ ಅದರಿಂದ ಸಿಕ್ಕಿದ್ದೇನು? ಮನೆಯಲ್ಲಿ ಕನ್ನಡ, ಗಡಿಯ ಕಡೆ ತೆಲುಗು, ಕಚೇರಿಯಲ್ಲಿ ಉರ್ದು. ತಹಸೀಲು, ದಫ್ತರು, ದವಾಖಾನೆ, ಪಟ್ವಾರಿ ಎಂಬ ಮಾತುಗಳು ಈ ಸೀಮೆಯ ನಾಲಗೆಯಲ್ಲಿ ನಿಂತದ್ದು ಹಾಗೆ. ಓದು ಮುಂದುವರಿಸಬೇಕೆಂದರೆ ಹೈದರಾಬಾದಿಗೆ ಹೋಗಬೇಕು, ಉರ್ದುವಿನಲ್ಲಿ ಬರೆಯಬೇಕು. ಅಲ್ಲಿ ಕನ್ನಡ ಕಲಿಸುವ ಡಿ.ಕೆ. ಭೀಮಸೇನರಾಯರಂಥ ಅಧ್ಯಾಪಕರಿದ್ದರು ನಿಜ. ಆದರೂ ವಿಶ್ವವಿದ್ಯಾಲಯದ ನಡುಮನೆಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ.

ಮೈಸೂರಿನ ಕಡೆಯ ಸಂಕಟ ಇನ್ನೊಂದು ಬಗೆಯದು. ಅಲ್ಲಿ ನಾಡಿನ ಭಾಷೆ ಕನ್ನಡವಾಗಿದ್ದರೂ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಕನ್ನಡವೆಂದರೆ ತಾತ್ಸಾರ. ಗಂಭೀರವಾದ ಯೋಚನೆಗೆ ಇಂಗ್ಲಿಷು, ಶಾಸ್ತ್ರಕ್ಕೆ ಸಂಸ್ಕೃತ, ಕನ್ನಡ ಏನಿದ್ದರೂ ಅಡುಗೆಮನೆಗೆ ಎಂಬ ಭಾವನೆ. ಕನ್ನಡದ ಶಾಸನ, ವ್ಯಾಕರಣ, ನಿಘಂಟುಗಳ ಮೇಲೆ ರೈಸ್, ಫ್ಲೀಟ್, ಕಿಟೆಲ್ ಮಾಡಿದ ದೊಡ್ಡ ಕೆಲಸದ ವಿವರಣೆಯೆಲ್ಲ ಇಂಗ್ಲಿಷಿನಲ್ಲಿತ್ತು. ಆರ್. ನರಸಿಂಹಾಚಾರ್ಯರು 1907ರಲ್ಲಿ ಮೊದಲ ಸಂಪುಟ ತಂದ ‘ಕರ್ಣಾಟಕ ಕವಿಚರಿತೆ’ ಕನ್ನಡದ್ದೇ ಆದರೂ ಅದು ಒಬ್ಬರ ತಪಸ್ಸು. ವಿದ್ವಾಂಸರು ಕನ್ನಡದಲ್ಲೇ ವಾದಿಸುವ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುವ ಕಟ್ಟೆಗಳು ಕಡಿಮೆ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ ಆಗಷ್ಟೇ ಕಣ್ಣು ಬಿಟ್ಟಿತ್ತು.

ಸಂಘದ ಕೂಸು

ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಅದಕ್ಕೆ ಎರಡು ಕಾಲುಗಳು: ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕಲಾ ವಿಷಯಗಳು ಮೈಸೂರಿಗೆ, ವಿಜ್ಞಾನ ಬೆಂಗಳೂರಿಗೆ ಎಂಬ ಹಂಚಿಕೆ. ಕನ್ನಡದ ಸಾಹಿತ್ಯ ಪತ್ರಿಕೆ ಹುಟ್ಟಬೇಕಾದದ್ದು ಲೆಕ್ಕದಂತೆ ಮೈಸೂರಿನಲ್ಲಿ. ಹುಟ್ಟಿದ್ದು ಮಾತ್ರ ಬೆಂಗಳೂರಿನ ಪ್ರಯೋಗಾಲಯಗಳ ನಡುವೆ.

ಅದಕ್ಕೆ ಕಾರಣ ಎ.ಆರ್. ಕೃಷ್ಣಶಾಸ್ತ್ರಿ. 1890ರಲ್ಲಿ ಹುಟ್ಟಿದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಎದುರಿಗೆ ಕೂತವರಲ್ಲಿ ಬಹುಪಾಲು ವಿಜ್ಞಾನದ ಹುಡುಗರು. ಅವರನ್ನು ಕಟ್ಟಿಕೊಂಡು ಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಬೆಳೆಸಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಬಂತು. ಹೆಸರು ಕೇಳಿದೊಡನೆ ರಾಮಕೃಷ್ಣ ಪಂಥದ ‘ಪ್ರಬುದ್ಧ ಭಾರತ’ ನೆನಪಾಗುತ್ತದೆ. ಶಾಸ್ತ್ರಿಗಳು ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಟಿ.ಎಸ್. ವೆಂಕಣ್ಣಯ್ಯನವರ ಜೊತೆಗೂಡಿ ಕನ್ನಡಕ್ಕೆ ಕೊಟ್ಟವರು ಎಂಬುದನ್ನು ಇಲ್ಲಿ ನೆನೆಯಬಹುದು.

ಅದೇ ಕಾಲೇಜಿನಲ್ಲಿ ಇನ್ನೊಬ್ಬ ಹಿರಿಯರಿದ್ದರು, ಬೆಳ್ಳಾವೆ ವೆಂಕಟನಾರಣಪ್ಪ. ಭೌತವಿಜ್ಞಾನದ ಪ್ರಾಧ್ಯಾಪಕರು, ಹಳಗನ್ನಡದಲ್ಲೂ ಗಟ್ಟಿಗರು. ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ ಅವರು 1918ರಲ್ಲೇ ‘ವಿಜ್ಞಾನ’ ಎಂಬ ಪತ್ರಿಕೆ ತಂದರು. ಎರಡೇ ವರ್ಷಕ್ಕೆ ಅದು ನಿಂತಿತು. ಒಂದೇ ಅಂಗಳದಲ್ಲಿ ಹುಟ್ಟಿದ ಎರಡು ಪತ್ರಿಕೆಗಳಲ್ಲಿ ಒಂದು ಅಲ್ಪಾಯು, ಇನ್ನೊಂದು ಶತಾಯು. ‘ವಿಜ್ಞಾನ’ದಲ್ಲಿ ಹುರುಳಿರಲಿಲ್ಲವೆಂದಲ್ಲ. ಕನ್ನಡದಲ್ಲಿ ವಿಜ್ಞಾನ ಓದುವ ಚಂದಾದಾರರ ಬಳಗ ಆಗಿನ್ನೂ ಕಟ್ಟಿರಲಿಲ್ಲ, ಪತ್ರಿಕೆಯನ್ನು ದೀರ್ಘಕಾಲ ಹೊರಬಲ್ಲ ಸಂಸ್ಥೆಯೂ ಬೆನ್ನಿಗಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಪತ್ರಿಕೆ ತರುವುದೆಂದರೆ ಹೊರಗಿನವರಿಗೆ ಸಲೀಸಾಗಿ ಕಾಣುತ್ತದೆ. ಲೇಖನಕ್ಕೆ ದುಂಬಾಲು ಬೀಳುವುದು, ಬಂದದ್ದನ್ನು ತಿದ್ದುವುದು, ಬೇಡವಾದದ್ದನ್ನು ಮನಸ್ಸು ನೋಯದಂತೆ ಹಿಂದಿರುಗಿಸುವುದು, ಅಚ್ಚಿನ ಮನೆಗೆ ತಿರುಗುವುದು, ಸೀಸದ ಮೊಳೆ ಜೋಡಿಸುವವನು ಮಾಡಿದ ತಪ್ಪುಗಳನ್ನು ಕರಡಿನಲ್ಲಿ ಹುಡುಕುವುದು, ಚಂದಾ ವಸೂಲಿ, ಅಂಚೆ. ಇದೆಲ್ಲ ಪಾಠ ಮುಗಿಸಿದ ಮೇಲಿನ ಕೆಲಸ. ಕೃಷ್ಣಶಾಸ್ತ್ರಿಗಳು ಶುದ್ಧ ಬರವಣಿಗೆಯ ವಿಷಯದಲ್ಲಿ ಕಟ್ಟುನಿಟ್ಟು. ಅವರೇ ‘ಶ್ರೀಪತಿ’ ಎಂಬ ಹೆಸರಿನಲ್ಲಿ ಕಥೆ ಬರೆದವರು, ಮುಂದೆ ‘ವಚನ ಭಾರತ’ ಬರೆದು ಮಹಾಭಾರತವನ್ನು ತಿಳಿಗನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದವರು. ಪಂಡಿತನೂ ಓದಬೇಕು, ಬಿ.ಎಸ್ಸಿ. ಓದುವ ಹುಡುಗನಿಗೂ ತಿಳಿಯಬೇಕು ಎಂಬ ಅಳತೆಗೋಲು ಅವರ ಕೈಯಲ್ಲಿತ್ತು.

ಕನ್ನಡದಲ್ಲಿ ವಾದಿಸುವ ಕಟ್ಟೆ

ಆಗ ಕವಿತೆ, ಕಥೆ, ಅನುವಾದ, ಪ್ರಬಂಧ, ಪುಸ್ತಕ ವಿಮರ್ಶೆ, ಕವಿಗಳ ಕಾಲನಿರ್ಣಯ, ಶಾಸನದ ಓದು, ಛಂದಸ್ಸಿನ ಚರ್ಚೆ ಎಲ್ಲ ಒಂದೇ ಹೊದಿಕೆಯೊಳಗೆ ಬರುತ್ತಿದ್ದ ಕಾಲ. ಮಂಜೇಶ್ವರದಲ್ಲಿ ಕೂತ ಗೋವಿಂದ ಪೈಗಳು ಬರೆದರೆ ಬೆಂಗಳೂರು ಮೈಸೂರುಗಳಲ್ಲಿ ಓದುತ್ತಿದ್ದರು. ತೀ.ನಂ. ಶ್ರೀಕಂಠಯ್ಯ, ಡಿ.ಎಲ್. ನರಸಿಂಹಾಚಾರ್ ಅವರ ಪೀಳಿಗೆ ವಿಮರ್ಶೆ, ಸಂಶೋಧನೆಗಳಿಗೆ ಹದವಾದ ಗದ್ಯವನ್ನು ರೂಪಿಸಿಕೊಂಡದ್ದು ಇಂಥ ಪತ್ರಿಕೆಗಳ ಪುಟಗಳಲ್ಲಿ. ಪಾಠಾಂತರ, ಆಕರ, ಸಂಪಾದನೆ, ರಸ, ಔಚಿತ್ಯ ಮೊದಲಾದ ಮಾತುಗಳು ತರಗತಿಯ ಗೋಡೆ ದಾಟಿ ಸಾಮಾನ್ಯ ಓದುಗನ ಬಳಕೆಗೆ ಬಂದದ್ದರಲ್ಲಿ ತ್ರೈಮಾಸಿಕಗಳ ಪಾಲು ದೊಡ್ಡದು.

ವಿಶ್ವವಿದ್ಯಾಲಯದೊಳಗೆ ಕನ್ನಡದ ಸ್ಥಾನವೂ ಅದೇ ಹೊತ್ತಿಗೆ ಬದಲಾಯಿತು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ಕನ್ನಡಕ್ಕೆ ಹೊರಳಿದ ಬಿ.ಎಂ. ಶ್ರೀಕಂಠಯ್ಯ 1926ರಿಂದ ಕೆಲವು ವರ್ಷ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದರು. 1927ರಲ್ಲಿ ಕನ್ನಡ ಎಂ.ಎ. ತರಗತಿ ಶುರುವಾಯಿತು. ಟಿ.ಎಸ್. ವೆಂಕಣ್ಣಯ್ಯ ಪ್ರಾಧ್ಯಾಪಕರು, ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಕುವೆಂಪು ಒಬ್ಬರು. ಆ ಶಿಷ್ಯ ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ವೆಂಕಣ್ಣಯ್ಯ, ಕೃಷ್ಣಶಾಸ್ತ್ರಿ ಇಬ್ಬರನ್ನೂ ಕನ್ನಡದ ಅಶ್ವಿನೀ ದೇವತೆಗಳೆಂದು ಜನ ಕರೆದರು. ತರಗತಿ, ಸಂಘ, ಪತ್ರಿಕೆ ಮೂರೂ ಒಂದಕ್ಕೊಂದು ನೀರೆರೆದುಕೊಂಡ ಕಾಲವದು. ತರಗತಿಯಲ್ಲಿ ಹುಟ್ಟಿದ ಸಂದೇಹ ಸಂಘದಲ್ಲಿ ಭಾಷಣವಾಗಿ, ಪತ್ರಿಕೆಯಲ್ಲಿ ಲೇಖನವಾಗಿ, ಕೊನೆಗೆ ಪುಸ್ತಕವಾಗಿ ಬರುತ್ತಿತ್ತು.

ಮುಂದೆ ಪತ್ರಿಕೆಯ ಹೊಣೆ ಸಂಘದ ಕೈಯಿಂದ ವಿಶ್ವವಿದ್ಯಾಲಯದ ಕೈಗೆ, ಬೆಂಗಳೂರಿನಿಂದ ಮೈಸೂರಿಗೆ ಹೋಯಿತು. ವಿಶ್ವವಿದ್ಯಾಲಯದ ಪ್ರಕಟಣ ವಿಭಾಗವಾದ ಪ್ರಸಾರಾಂಗ ಅದನ್ನು ಹೊತ್ತುಕೊಂಡಿತು. ಅದರ ಜೊತೆಗೆ ಸಮಾಜವಿಜ್ಞಾನಗಳಿಗೆ ‘ಮಾನವಿಕ ಕರ್ನಾಟಕ’, ವಿಜ್ಞಾನಕ್ಕೆ ‘ವಿಜ್ಞಾನ ಕರ್ನಾಟಕ’ ಎಂಬ ತಂಗಿಯರೂ ಬಂದರು. ವೆಂಕಟನಾರಣಪ್ಪನವರ ‘ವಿಜ್ಞಾನ’ ನಿಂತು ದಶಕಗಳಾದ ಮೇಲೆ ಅದರ ಆಸೆ ಇನ್ನೊಂದು ಹೆಸರಿನಲ್ಲಿ ಕೈಗೂಡಿತು ಎನ್ನಬೇಕು.

ಈ ಹಸ್ತಾಂತರದಿಂದ ಬಂದ ಲಾಭ ಆಯುಸ್ಸು. ಖಾಸಗಿ ಸಾಹಿತ್ಯ ಪತ್ರಿಕೆಗಳು ಸಂಪಾದಕನ ಜೇಬು ಬರಿದಾದಾಗ, ಇಲ್ಲವೇ ಅವನ ಉಸಿರು ನಿಂತಾಗ ಕಣ್ಮುಚ್ಚುತ್ತವೆ. ಕಾಗದದ ಬೆಲೆ ಏರಿದ ಮಹಾಯುದ್ಧದ ಕಾಲವನ್ನೂ, ಆಮೇಲಿನ ಎಷ್ಟೋ ಏರಿಳಿತಗಳನ್ನೂ ದಾಟಿ ‘ಪ್ರಬುದ್ಧ ಕರ್ನಾಟಕ’ ನೂರರ ಗೆರೆ ಮುಟ್ಟಿದ್ದಕ್ಕೆ ವಿಶ್ವವಿದ್ಯಾಲಯದ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇದ್ದದ್ದೇ ಕಾರಣ.

ನಷ್ಟವೂ ಇತ್ತು. ಹೊಸ ಕವಿತೆ, ಹೊಸ ಕಥೆ, ಹೊಸ ಜಗಳ ಮೆಲ್ಲಗೆ ಹೊರಗಿನ ಪತ್ರಿಕೆಗಳಿಗೆ ಜಾರಿದವು. ಧಾರವಾಡದಲ್ಲಿ 1940ರಲ್ಲಿ ಹುಟ್ಟಿ ಆಮೇಲೆ ಮಾಸ್ತಿಯವರ ಕೈಗೆ ಬಂದ ‘ಜೀವನ’, ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಸೇರಿ ಧಾರವಾಡದಿಂದ ತಂದ ‘ಸಂಕ್ರಮಣ’, 1980ರ ದಶಕದಲ್ಲಿ ಯು.ಆರ್. ಅನಂತಮೂರ್ತಿಯವರ ‘ರುಜುವಾತು’. ನವ್ಯದ, ಬಂಡಾಯದ ಬಿಸಿ ಹೊಮ್ಮಿದ್ದು ಇಂಥವುಗಳಲ್ಲಿ. ಮಾಸ್ತಿಯವರನ್ನು ಬಿಟ್ಟರೆ ಇವುಗಳ ಸಂಪಾದಕರೆಲ್ಲ ಹೆಚ್ಚುಕಡಿಮೆ ಕಾಲೇಜು ಮೇಷ್ಟ್ರುಗಳೇ ಎಂಬುದು ಗಮನಿಸಬೇಕಾದ ಸಂಗತಿ. ಸಂಬಳ ಕಾಲೇಜಿನದು, ಪತ್ರಿಕೆ ಮಾತ್ರ ಸ್ವಂತದ್ದು. ವಿಶ್ವವಿದ್ಯಾಲಯದ ಪತ್ರಿಕೆಗಳು ಸಂಶೋಧನೆಯ ದಾರಿ ಹಿಡಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’ ಕೂಡ ಈ ಮನೆತನದವೇ.

ಈ ತೂಗಾಟ ಕನ್ನಡದ್ದಷ್ಟೇ ಅಲ್ಲ. ಅಮೆರಿಕದ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯದಿಂದ 1935ರಲ್ಲಿ ‘ಸದರ್ನ್ ರಿವ್ಯೂ’ ಹೊರಟಿತು. ರಾಬರ್ಟ್ ಪೆನ್ ವಾರೆನ್, ಕ್ಲಿಯಂತ್ ಬ್ರೂಕ್ಸ್ ಅದರ ಸಂಪಾದಕರು. ಕೆಲವೇ ವರ್ಷಗಳಲ್ಲಿ ಅದರ ಹೆಸರು ದೇಶವಿಡೀ ಹಬ್ಬಿತು. ಯುದ್ಧದ ಕಾಲಕ್ಕೆ ಖರ್ಚು ಕಡಿಮೆ ಮಾಡಬೇಕಾಗಿ ಬಂದು 1942ರಲ್ಲಿ ವಿಶ್ವವಿದ್ಯಾಲಯ ಅದನ್ನು ನಿಲ್ಲಿಸಿತು. ಮತ್ತೆ ಹೊರಟದ್ದು 1965ರಲ್ಲಿ. ಅತ್ತ ನೆಬ್ರಾಸ್ಕಾ ವಿಶ್ವವಿದ್ಯಾಲಯದಿಂದ 1927ರಲ್ಲಿ ಮೊದಲ ಸಂಚಿಕೆ ತಂದ ‘ಪ್ರೇರಿ ಸ್ಕೂನರ್’ ಹೆಸರಿನಲ್ಲೇ ತನ್ನ ಹುಲ್ಲುಗಾವಲಿನ ಸೀಮೆಯನ್ನು ಇಟ್ಟುಕೊಂಡು ಹುಟ್ಟಿ, ಕ್ರಮೇಣ ಎಲ್ಲ ಕಡೆಯ ಬರಹಗಾರರಿಗೂ ಬಾಗಿಲು ತೆರೆಯಿತು. ಸೀಮೆಯ ಪತ್ರಿಕೆ ಎಂದರೆ ಸಣ್ಣ ಪತ್ರಿಕೆ ಎಂದು ಅಲ್ಲಿ ಯಾರೂ ತಿಳಿಯಲಿಲ್ಲ.

ಪತ್ರಿಕೆಯ ಬಳಗ ಈ ಸೀಮೆಗೆ ಬಂದಾಗ

ಇನ್ನು ರಾಯಚೂರಿನ ಮಾತು. ‘ಪ್ರಬುದ್ಧ ಕರ್ನಾಟಕ’ದ ಸುತ್ತಮುತ್ತಲಿದ್ದವರು ನಿಜಾಮರ ಸೀಮೆಯನ್ನು ಮರೆತಿರಲಿಲ್ಲ. 1928ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರು ಬಿ.ಎಂ. ಶ್ರೀ. 1934ರಲ್ಲಿ ರಾಯಚೂರಿನಲ್ಲೇ ಸಮ್ಮೇಳನ. ಕರಾವಳಿಯ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿ ಇಲ್ಲಿಗೆ ಬಂದರು. 1941ರಲ್ಲಿ ಹೈದರಾಬಾದಿನಲ್ಲಿ ಸಮ್ಮೇಳನ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕೂತವರು ‘ಪ್ರಬುದ್ಧ ಕರ್ನಾಟಕ’ವನ್ನು ಹುಟ್ಟಿಸಿದ ಎ.ಆರ್. ಕೃಷ್ಣಶಾಸ್ತ್ರಿಗಳೇ. ಉರ್ದುವಿನಲ್ಲಿ ಆಡಳಿತ ನಡೆಯುತ್ತಿದ್ದ ರಾಜ್ಯದ ರಾಜಧಾನಿಯಲ್ಲಿ ಕನ್ನಡದ ಸಮ್ಮೇಳನ ನಡೆದದ್ದು ಸಣ್ಣ ಸಂಗತಿಯಲ್ಲ.

ಈ ಸೀಮೆಗೆ ಪತ್ರಿಕೆಯ ಹುಚ್ಚೂ ಇತ್ತು. ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ನಿಜಾಮ ಸರ್ಕಾರದ ಕಣ್ಣು ಕೆಂಪಾದ ಮೇಲೆ ತುಂಗಭದ್ರೆಯ ಆಚೆ ಪ್ರೇಮಾಯತನ ಆಶ್ರಮ ಮಾಡಿಕೊಂಡು ‘ಪ್ರೇಮ’ ಎಂಬ ಪತ್ರಿಕೆ ನಡೆಸಿದರು. ಶಾಲೆ, ಆಶ್ರಮ, ಪತ್ರಿಕೆ ಎಲ್ಲ ಅವರಿಗೆ ಒಂದೇ ಕೆಲಸದ ಬೇರೆ ಬೇರೆ ಕೈಗಳು. ಬೆಂಗಳೂರಿನ ಶಾಸ್ತ್ರಿಗಳ ಬೆನ್ನಿಗೆ ಒಂದು ವಿಶ್ವವಿದ್ಯಾಲಯವಿತ್ತು. ರಾಯಚೂರಿನ ತಾರಾನಾಥರ ಬೆನ್ನಿಗೆ ಅಂಥದ್ದೇನೂ ಇರಲಿಲ್ಲ.

ರಾಯಚೂರು ಸೀಮೆಯ ಓದಿದವರ ಪ್ರಮಾಣಪತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಕೊರತೆ ಅರ್ಥವಾಗುತ್ತದೆ. ಅಜ್ಜನ ಪದವಿ ಹೈದರಾಬಾದಿನ ಉಸ್ಮಾನಿಯಾದ್ದು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಓದಿದ ಮಗನದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದ ಮೇಲೆ ಮೊಮ್ಮಗನದು ಅಲ್ಲಿಯದು. ಮರಿಮಗಳ ಪದವಿಯ ಮೇಲೆ ಈಗ ರಾಯಚೂರಿನದೇ ಮುದ್ರೆ. ಮನೆ ಇದ್ದಲ್ಲೇ ಇದೆ, ವಿಶ್ವವಿದ್ಯಾಲಯ ಮೂರು ಸಲ ಬದಲಾಗಿದೆ. ಮೊದಲ ಮೂರರ ಕಾಲದಲ್ಲೂ ಮಾನ್ವಿ ದೇವದುರ್ಗಗಳು ದೂರದ ಯಾವುದೋ ಊರಿನ ಅಂಚಾಗಿದ್ದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದ ಹಾ.ಮಾ. ನಾಯಕರು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದದ್ದರಿಂದ ಮೈಸೂರಿನ ಪ್ರಕಟಣೆಯ ಅನುಭವ ಈ ಭಾಗಕ್ಕೂ ತಲುಪಿತು. ಆದರೂ ಕಲಬುರ್ಗಿ ಕಲಬುರ್ಗಿಯೇ, ರಾಯಚೂರು ರಾಯಚೂರೇ.

ರಾಯಚೂರು ಬಳಿಯ ಯರಗೇರಾದಲ್ಲಿದ್ದ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 2021ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ಅದರ ತೆಕ್ಕೆಗೆ ಬಂದವು. ಈಗ ಅದು ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರನ್ನು ಹೊತ್ತಿದೆ. ಆದಿಕವಿಯ ಹೆಸರಿನ ವಿಶ್ವವಿದ್ಯಾಲಯಕ್ಕೆ ಸಾಹಿತ್ಯ ಪತ್ರಿಕೆಯೊಂದು ಅಲಂಕಾರವಾಗಿ ಅಲ್ಲ, ಕೆಲಸಕ್ಕಾಗಿ ಬೇಕು.

ಪತ್ರಿಕೆಗೆ ಕಾದಿರುವ ಹೊಲ

ಯಾವ ಕೆಲಸ ಎಂದರೆ, ಮೊದಲು ಮಾನ್ವಿಗೆ ಹೋಗಬೇಕು. ತುಂಗಭದ್ರೆಯ ದಡದ ಚೀಕಲಪರ್ವಿ ವಿಜಯದಾಸರ ಊರು. 1682ರಿಂದ 1755ರವರೆಗೆ ಬಾಳಿದ ಅವರು ಪುರಂದರದಾಸರ ಪರಂಪರೆಗೆ ಮತ್ತೆ ಜೀವ ತುಂಬಿದವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಮೂರನೆಯವರು ಹಳೆಯ ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದವರು.

ಜಗನ್ನಾಥದಾಸರ ಬಗ್ಗೆ ದಾಸಪರಂಪರೆ ಹೇಳುವ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅಸಡ್ಡೆ. ವಿಜಯದಾಸರು ಊಟಕ್ಕೆ ಕರೆದರೂ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲ. ನೆಪ ನಿಜವಾಗಿ ನೋವು ಬಿಡದೆ ಕಾಡಿತು. ಕೊನೆಗೆ ವಿಜಯದಾಸರ ಬಳಿ ಬಂದರು. ಅವರು ಗೋಪಾಲದಾಸರ ಬಳಿಗೆ ಕಳಿಸಿದರು. ಅಲ್ಲಿ ಗುಣವಾಗಿ, ದಾಸದೀಕ್ಷೆ ಪಡೆದು, ಕನ್ನಡದ ಕವಿಯಾದರು. ಸಂಸ್ಕೃತದ ಪಂಡಿತ ಕನ್ನಡಕ್ಕೆ ಮಣಿದ ಈ ಮಾನ್ವಿಯ ಕಥೆ, ಇಂಗ್ಲಿಷ್ ಪ್ರಾಧ್ಯಾಪಕರು ಕನ್ನಡಕ್ಕೆ ಹೊರಳಿದ ಬೆಂಗಳೂರು ಮೈಸೂರಿನ ಕಥೆಗಿಂತ ನೂರೈವತ್ತು ವರ್ಷವಾದರೂ ಹಳೆಯದು.

ಈ ದಾಸರ ಹಾಡುಗಳು ಅಚ್ಚಾದದ್ದರಲ್ಲಿ ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರಂಥವರ ಸ್ವಂತ ಶ್ರಮ ದೊಡ್ಡದು. ಮನೆ ಮನೆ ತಿರುಗಿ, ಕೈಬರಹದ ಪುಸ್ತಕ ಬೇಡಿ ತಂದು ಮಾಡಿದ ಕೆಲಸವದು. ಒಂದು ಹಾಡಿಗೆ ನಾಲ್ಕು ಊರಿನಲ್ಲಿ ನಾಲ್ಕು ಪಾಠ ಸಿಗುವಾಗ ಯಾವುದು ಮೂಲ, ಯಾವುದು ಭಜನೆಯ ಬಾಯಲ್ಲಿ ಸವೆದದ್ದು ಎಂದು ತೂಗಿ ನೋಡುವ ಕೆಲಸ ವಿಶ್ವವಿದ್ಯಾಲಯದ ಪತ್ರಿಕೆಯದ್ದು. ಡಿ.ಎಲ್. ನರಸಿಂಹಾಚಾರ್ ಅವರ ಪೀಳಿಗೆ ಪಂಪ ರನ್ನರಿಗೆ ಮಾಡಿದ್ದನ್ನು ಇಲ್ಲಿ ವಿಜಯದಾಸರಿಗೆ, ಗೋಪಾಲದಾಸರಿಗೆ, ಊರೂರಿನ ತತ್ವಪದಕಾರರಿಗೆ ಮಾಡಬೇಕಾಗಿದೆ.

ಹೊಲ ದಾಸಸಾಹಿತ್ಯಕ್ಕೆ ಮುಗಿಯುವುದಿಲ್ಲ. ಅಶೋಕನೆಂಬ ಹೆಸರನ್ನು ನೇರವಾಗಿ ಹೇಳಿ ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆ ಬಗೆಹರಿಸಿದ ಮಸ್ಕಿಯ ಶಾಸನ 1915ರಲ್ಲಿ ಪತ್ತೆಯಾದದ್ದು ಈ ಜಿಲ್ಲೆಯಲ್ಲೇ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆ ಗುರುತಿಸುವಾಗ ಹೆಸರಿಸುವ ಕೊಪಣ, ಅಂದರೆ ಇಂದಿನ ಕೊಪ್ಪಳ, 1997ರವರೆಗೂ ರಾಯಚೂರು ಜಿಲ್ಲೆಯ ಭಾಗ. ಹಾಗೆ ನೋಡಿದರೆ ಕನ್ನಡದ ತಿರುಳು ಒಂದು ಕಾಲಕ್ಕೆ ಇಲ್ಲಿಗೆ ಹತ್ತಿರವೇ ಇತ್ತು. ‘ಹೌದ್ರಿ’, ‘ಬರ್ರಿ’ ಎನ್ನುವ ಈ ಭಾಗದ ಕನ್ನಡವನ್ನು ಸಿನಿಮಾದಲ್ಲಿ ನಗಿಸಲಷ್ಟೇ ಬಳಸುವವರಿಗೆ ಇದನ್ನು ಹೇಳಬೇಕಾಗಿದೆ.

ಉರ್ದುವಿನ ಋಣವನ್ನೂ ಪತ್ರಿಕೆ ಒಪ್ಪಿಕೊಳ್ಳಬೇಕು. ಆಡಳಿತದ ಒತ್ತಡದಲ್ಲಿ ಕಲಿತ ಭಾಷೆ ಕಾವ್ಯಕ್ಕೆ ವರವಾದ ಕಥೆ ರಾಯಚೂರಿನದು. 1924ರಲ್ಲಿ ಹೆಂಬೇರಾಳದಲ್ಲಿ ಹುಟ್ಟಿದ ಶಾಂತರಸರು ಉರ್ದುವಿನ ಗಜಲನ್ನು ಅದರ ಕಾಫಿಯಾ (ಪ್ರಾಸ), ರದೀಫು (ಮರುಕಳಿಸುವ ಪದ) ಇವುಗಳ ಕಟ್ಟಿನೊಂದಿಗೆ ಕನ್ನಡಕ್ಕೆ ಒಗ್ಗಿಸಿದರು. ‘ಗಜಲ್ ಮತ್ತು ಬಿಡಿ ದ್ವಿಪದಿ’ ಅವರ ಪುಸ್ತಕ. 2006ರಲ್ಲಿ ಬೀದರ್ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಹೆಣ್ಣಿನ ದನಿಯಲ್ಲಿ ಗಜಲ್ ಬರೆದು ಆ ದಾರಿಯನ್ನು ಅಗಲ ಮಾಡಿದರು. ಇಂದು ಕರ್ನಾಟಕದ ಎಲ್ಲ ಕಡೆ ಗಜಲ್ ಬರೆಯುವವರಿದ್ದಾರೆ. ಆದರೆ ಕನ್ನಡ ಗಜಲಿನ ಛಂದಸ್ಸಿನ ಮೇಲೆ, ಮಾತ್ರೆಯ ಲೆಕ್ಕ ಉರ್ದುವಿನ ಛಂದೋಗತಿಯಾದ ಬೆಹರ್‌ಗೆ ಹೇಗೆ ಹೊಂದುತ್ತದೆ ಎಂಬುದರ ಮೇಲೆ ಗಟ್ಟಿ ಚರ್ಚೆ ನಡೆಯಲು ರಾಯಚೂರಿಗಿಂತ ತಕ್ಕ ಜಾಗ ಬೇರೆ ಇಲ್ಲ.

ಕಥೆಗಾರರಿಗೂ ಇಲ್ಲಿ ಬರವಿಲ್ಲ. ಹಳೆಯ ಮಾನ್ವಿ ತಾಲ್ಲೂಕಿನ ನುಗಡೋಣಿಯ ಅಮರೇಶ ನುಗಡೋಣಿ ಬರೆದ ‘ಸವಾರಿ’ ಕಥೆಯನ್ನು ಗಿರೀಶ ಕಾಸರವಳ್ಳಿ 2010ರಲ್ಲಿ ‘ಕನಸೆಂಬೊ ಕುದುರೆಯನೇರಿ’ ಎಂಬ ಸಿನಿಮಾ ಮಾಡಿದರು. ಕಥೆ ಇಲ್ಲಿಯದು, ಕಥೆಗಾರ ಇಲ್ಲಿಯವರು. ಆದರೆ ಈ ಸೀಮೆಯ ಕಥೆ, ಕವಿತೆಗಳು ಹೆಸರು ಪಡೆಯಬೇಕಾದರೆ ಬೆಂಗಳೂರಿನದೋ ಧಾರವಾಡದ್ದೋ ಬಾಗಿಲು ತಟ್ಟುವುದು ಇಂದಿಗೂ ತಪ್ಪಿಲ್ಲ.

ಅಂಕಕ್ಕಾಗಿ ಬರೆಯುವ ಕಾಲದಲ್ಲಿ

ಇಂದು ವಿಶ್ವವಿದ್ಯಾಲಯದಲ್ಲಿ ಲೇಖನ ಬರೆಯುವುದಕ್ಕೆ ಬೇರೆ ಲೆಕ್ಕಾಚಾರವಿದೆ. ಬಡ್ತಿಗೆ ಅಂಕ, ಅಂಕಕ್ಕೆ ಐಎಸ್‌ಎಸ್‌ಎನ್ ಸಂಖ್ಯೆಯಿರುವ ಪತ್ರಿಕೆ. ಹಣ ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಮಾಡುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಅವನ್ನು ಹದ್ದುಬಸ್ತಿಗೆ ತರಲು ಯುಜಿಸಿ 2018ರ ಕೊನೆಗೆ ‘ಕೇರ್’ ಪಟ್ಟಿಯ ವ್ಯವಸ್ಥೆ ಮಾಡಿತು. 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟು, ಒಳ್ಳೆಯ ಪತ್ರಿಕೆ ಯಾವುದೆಂದು ತೀರ್ಮಾನಿಸುವ ಹೊಣೆಯನ್ನು ಆಯಾ ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಹೊಸ ವಿಶ್ವವಿದ್ಯಾಲಯಕ್ಕೆ ಇದೊಂದು ಅವಕಾಶ. ಪಟ್ಟಿ ನೋಡಿ ಬರೆಯುವ ಕಾಲ ಹೋಗಿ, ಪತ್ರಿಕೆಯನ್ನು ಓದಿ ಅಳೆಯುವ ಕಾಲ ಬರಬಹುದು.

ಕೃಷ್ಣಶಾಸ್ತ್ರಿಗಳ ಪತ್ರಿಕೆಗೆ ಬರೆದವರಿಗೆ ಅಂಕದ ಹಂಗಿರಲಿಲ್ಲ. ಓದುವವರು ಇದ್ದಾರೆ, ತಪ್ಪು ಬರೆದರೆ ಮುಂದಿನ ಸಂಚಿಕೆಯಲ್ಲಿ ಯಾರಾದರೂ ಹಿಡಿಯುತ್ತಾರೆ ಎಂಬ ಭಯ ಇತ್ತು. ಆ ಭಯವನ್ನು ಯಾವ ಸುತ್ತೋಲೆಯೂ ಹುಟ್ಟಿಸಲಾರದು. ಅದಕ್ಕೆ ಸಂಘ ಬೇಕು. ರಾಯಚೂರಿನ ಕಾಲೇಜುಗಳ ಕನ್ನಡ, ಉರ್ದು, ತೆಲುಗು, ಇತಿಹಾಸದ ಅಧ್ಯಾಪಕರು, ದೇವದುರ್ಗ ಮಾನ್ವಿಗಳ ಪದವಿ ವಿದ್ಯಾರ್ಥಿಗಳು, ಭಜನೆ ಮಂಡಳಿಯ ಹಿರಿಯರು, ಕೃಷಿ ವಿಶ್ವವಿದ್ಯಾಲಯದಲ್ಲಿ ಕನ್ನಡ ಬರೆಯಬಲ್ಲ ವಿಜ್ಞಾನಿಗಳು ಕೂಡಿ ಕೂರುವ ಸಂಘ. ಭೌತವಿಜ್ಞಾನದ ಪ್ರಾಧ್ಯಾಪಕರು ಪಂಪನನ್ನು ಓದುತ್ತಿದ್ದ ಅಂಗಳದಲ್ಲೇ ‘ಪ್ರಬುದ್ಧ ಕರ್ನಾಟಕ’ ಹುಟ್ಟಿತು ಎಂಬುದನ್ನು ಮರೆಯಬಾರದು.

ವಿಶ್ವವಿದ್ಯಾಲಯದಿಂದ ಕೇಳಬೇಕಾದದ್ದು ಮೂರೇ. ಬಜೆಟ್ಟಿನಲ್ಲಿ ಪ್ರತಿ ವರ್ಷ ತಪ್ಪದ ಒಂದು ಮೊತ್ತ. ಐದು ವರ್ಷವಾದರೂ ಅಲುಗಿಸದ ಒಬ್ಬ ಸಂಪಾದಕ. ಆ ಸಂಪಾದಕನಿಗೆ, ಬರೆದವರು ಎಷ್ಟೇ ದೊಡ್ಡ ಹುದ್ದೆಯವರಾದರೂ, ಲೇಖನ ಹಿಂದಿರುಗಿಸುವ ಅಧಿಕಾರ. ಉಳಿದದ್ದನ್ನು ಸಂಘ ನೋಡಿಕೊಳ್ಳಬೇಕು.

ಮೊದಲ ಸಂಚಿಕೆಗೆ ಮೊದಲ ಕೆಲಸವನ್ನು ಈ ಸಭೆಯಲ್ಲಿದ್ದವರೇ ಮಾಡಬಹುದು. ಮಾನ್ವಿ, ದೇವದುರ್ಗ, ರಾಯಚೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಅಜ್ಜಿಯರು ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕಗಳಿರುತ್ತವೆ, ನಿಜಾಮರ ಕಾಲದ ಉರ್ದು ಕಾಗದಪತ್ರಗಳಿರುತ್ತವೆ, ಹೊದಿಕೆ ಹರಿದ ಹಳೆಯ ‘ಪ್ರಬುದ್ಧ ಕರ್ನಾಟಕ’, ‘ಜೀವನ’ಗಳ ಸಂಚಿಕೆಗಳಿರುತ್ತವೆ, ಐವತ್ತು ವರ್ಷ ಹಿಂದಿನ ಕಾಲೇಜು ವಾರ್ಷಿಕ ಸಂಚಿಕೆಗಳಿರುತ್ತವೆ. ದೀಪಾವಳಿಗೆ ಮನೆ ಸಾರಿಸುವಾಗ ಅವನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಇಟ್ಟುಕೊಳ್ಳಿ, ಏನೇನಿದೆ ಎಂಬ ಪಟ್ಟಿಯನ್ನಾದರೂ ಮಾಡಿ ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ತಲುಪಿಸಿ. ರಾಯಚೂರಿನ ತ್ರೈಮಾಸಿಕದ ಮೊದಲ ಸಂಚಿಕೆ ಎಂದಾದರೂ ಅಚ್ಚಾದರೆ ಅದರ ಮೊದಲ ಲೇಖನ ಆ ಪಟ್ಟಿಯೇ ಆಗಿರಲಿ.